ಮನೋರೋಗ ವಾರ್ಡಿನ ಸೆನ್ಸರಿ ರೂಮ್ ಅಂದರೆ ಕೂಡಿಹಾಕುವ ಕೋಣೆಯೇ?

ಮೈಸೂರಿನಲ್ಲಿ ತಮ್ಮನನ್ನು ಅಡ್ಮಿಟ್ ಮಾಡಿ ಈ ಪ್ರಶ್ನೆ ಕೇಳಿದ್ದೀರಿ. ಖಂಡಿತ ಅಲ್ಲ. ಅದು ತಳಮಳಗೊಂಡ ರೋಗಿ ಶಾಂತವಾಗಲು ಇರುವ ಕೋಣೆ. ಮನಸ್ಸಿದ್ದರೆ ಹೋಗಬಹುದು, ಸಾಕೆನಿಸಿದರೆ ಎದ್ದು ಬರಬಹುದು. ರೋಗಿಯನ್ನು ಒಂಟಿಯಾಗಿ ಕೂಡಿಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ನಿಷೇಧಿಸಿದೆ.

ಒಳಗೆ ಮಂದ ಬೆಳಕು, ಮೆತ್ತನೆಯ ಕುರ್ಚಿ, ಸಣ್ಣಗೆ ಸಂಗೀತ, ಹಿಸುಕಲು ಚೆಂಡು, ತೊಡೆಯ ಮೇಲೆ ಹಾಕಿಕೊಳ್ಳಲು ಭಾರದ ಹೊದಿಕೆ ಇರುತ್ತವೆ. ಗಾಬರಿ ಏರುವಾಗ ಸಮಾಧಾನದ ಮಾತು ತಲೆಗೆ ಹೋಗುವುದಿಲ್ಲ. ಮೈಗೆ ತಾಗುವ ಭಾರ, ತಂಪು ಬೇಗ ತಟ್ಟುತ್ತದೆ. ಅದಕ್ಕೇ ತಳಮಳ ಶುರುವಾಗುವಾಗಲೇ ಹೋಗಬೇಕು. ಕೂಗಾಟ ಆದಮೇಲೆ ಎಳೆದೊಯ್ದರೆ ಅದೂ ಶಿಕ್ಷೆಯಂತೆಯೇ ಕಾಣುತ್ತದೆ.

ಹಿತ ಒಬ್ಬೊಬ್ಬರಿಗೆ ಒಂದೊಂದು. ಮಲ್ಲಿಗೆಯ ವಾಸನೆ ಒಬ್ಬರಿಗೆ ನೆಮ್ಮದಿ, ಇನ್ನೊಬ್ಬರಿಗೆ ಹಳೆಯ ಸಂಕಟ ಕೆದಕೀತು. ತಮ್ಮನಿಗೆ ಏನು ಹಿಡಿಸುತ್ತದೆ, ಯಾವ ಸದ್ದಿಗೆ ಬೆಚ್ಚುತ್ತಾರೆ ಎಂಬುದನ್ನು ನರ್ಸ್‌ಗೆ ಮೊದಲೇ ಹೇಳಿಡಿ.

ಈ ಕೋಣೆ ಬಳಸಿದ ಕೂಡಲೇ ತಳಮಳ ಇಳಿಯುತ್ತದೆಂದು ಹಲವು ಅಧ್ಯಯನಗಳು ಹೇಳುತ್ತವೆ. ಇದರಿಂದ ರೋಗಿಯನ್ನು ಕಟ್ಟಿಹಾಕುವುದು ತಪ್ಪುತ್ತದೆಯೇ ಎಂಬುದರಲ್ಲಿ ಫಲಿತಾಂಶ ಎಲ್ಲ ಕಡೆ ಒಂದೇ ತೆರನಾಗಿಲ್ಲ. ಔಷಧಿಗೆ ಬದಲಿಯಂತೂ ಅಲ್ಲ.

ಅಲ್ಲಿ ಅಂಥ ಕೋಣೆ ಇಲ್ಲದಿದ್ದರೆ ಮನೆಯ ಕಂಬಳಿ ತರಬಹುದೇ ಎಂದು ಕೇಳಿ ನೋಡಿ. ವೈರ್ ಇರುವ ಇಯರ್‌ಫೋನ್ ಮಾತ್ರ ಬೇಡ, ಕುತ್ತಿಗೆಗೆ ಬಿಗಿದುಕೊಳ್ಳುವ ಅಪಾಯವೆಂದು ವಾರ್ಡಿನೊಳಗೆ ಸಾಮಾನ್ಯವಾಗಿ ಬಿಡುವುದಿಲ್ಲ.