ಒಂದೇ ಸೇಬಿನ ಗಿಡ ಹಾಕುವವರು ಮೊದಲು ಚಳಿ ನೋಡಿ, ಆಮೇಲೆ ತಳಿ

ಸರ್, ನಿಮ್ಮ ಪ್ರಶ್ನೆ ಓದಿದೆ. ಹಿತ್ತಿಲಲ್ಲಿ ಒಂದೇ ಸೇಬಿನ ಗಿಡಕ್ಕೆ ಜಾಗ ಇದೆ, ಔಷಧಿ ಹೊಡೆಯುತ್ತಾ ಕೂರಲು ಪುರುಸೊತ್ತಿಲ್ಲ, ಹನಿಕ್ರಿಸ್ಪ್ ಅನ್ನುವ ತಳಿಯ ಸೇಬು ತಿಂದು ರುಚಿ ಹಿಡಿಸಿದೆ, ಅದನ್ನೇ ಹಾಕಬಹುದಾ ಅಂತ ಕೇಳಿದ್ದೀರಿ. ಇಲ್ಲಿ ಆಗಲೇ ಒಬ್ಬೊಬ್ಬರು ಒಂದೊಂದು ತಳಿಯ ಹೆಸರು ಹೇಳಿದ್ದಾರೆ. ಆದರೆ ನಿಮ್ಮ ಕಡೆ ಚಳಿ ಎಷ್ಟು ದಿನ ಇರುತ್ತದೆ ಅಂತ ಯಾರೂ ಕೇಳಿಲ್ಲ. ಅದು ಗೊತ್ತಿಲ್ಲದೆ ಹೆಸರು ಹೇಳಿದರೆ ಸುಮ್ನೆ ಹೇಳಿದ ಹಾಗೆ.

ಸೇಬಿನ ಗಿಡ ಎಲೆ ಉದುರಿಸಿ ನಿದ್ದೆ ಮಾಡುತ್ತದೆ. ಅದು ಸರಿಯಾಗಿ ಎಚ್ಚರ ಆಗಬೇಕಾದರೆ ಸುಮಾರು 0ಯಿಂದ 7 ಡಿಗ್ರಿ ಸೆಲ್ಸಿಯಸ್ ಚಳಿ ಇಷ್ಟು ಗಂಟೆ ಸಿಗಬೇಕು ಅಂತ ಒಂದು ಲೆಕ್ಕ ಇದೆ. ಇದನ್ನೇ ಚಿಲ್ಲಿಂಗ್ ಅವರ್ಸ್ ಅನ್ನುವುದು. ಹಳೆಯ ಹೆಸರುವಾಸಿ ತಳಿಗಳಲ್ಲಿ ತುಂಬಾ ತಳಿಗಳಿಗೆ 800ರಿಂದ 1000 ಗಂಟೆ ಬೇಕು. ಸಾಲದಿದ್ದರೆ ಗಿಡವೇನೂ ಸಾಯುವುದಿಲ್ಲ, ಮೋಸ ಹೋಗುವುದೇ ಅಲ್ಲಿ. ಕೊಂಬೆಯ ತುದಿಯಲ್ಲಿ ಒಂದು ಕುಚ್ಚು ಎಲೆ ಬರುತ್ತದೆ, ಅದರ ಕೆಳಗೆ ಮೊಳದುದ್ದ ಬೋಳು ಕಡ್ಡಿ, ಪಕ್ಕದ ಮೊಗ್ಗುಗಳು ಕಣ್ಣೇ ಬಿಡುವುದಿಲ್ಲ. ಹೂವೂ ಒಟ್ಟಿಗೆ ಅರಳುವುದಿಲ್ಲ, ಈ ವಾರ ನಾಲ್ಕು, ಎರಡು ವಾರ ಬಿಟ್ಟು ಮತ್ತೆರಡು. ಇದನ್ನು ನೋಡಿ ಗೊಬ್ಬರ ಸಾಲಲಿಲ್ಲ ಅಂದುಕೊಂಡು ಗೊಬ್ಬರ ಸುರಿಯುವವರೇ ಜಾಸ್ತಿ. ಸುರಿದರೆ ಎಲೆ ಬರುತ್ತದೆ, ಹಣ್ಣು ಬರುವುದಿಲ್ಲ.

ಉಲ್ಟಾ ತಪ್ಪೂ ಇದೆ. ಚಳಿ ಕಡಿಮೆ ಸಾಕು ಅನ್ನುವ ತಳಿಯನ್ನು ಗಟ್ಟಿ ಚಳಿಯ ಜಾಗದಲ್ಲಿ ನೆಟ್ಟರೆ, ನಡುವೆ ನಾಲ್ಕು ದಿನ ಬಿಸಿಲು ಬಂದರೆ ಸಾಕು, ವಸಂತ ಬಂತು ಅಂದುಕೊಂಡು ಹೂ ಬಿಟ್ಟುಬಿಡುತ್ತದೆ. ಆಮೇಲೆ ಒಂದು ರಾತ್ರಿ ಮೈನಸ್ 2ಕ್ಕೆ ಇಳಿದರೆ ಅರಳಿದ ಹೂವು ಕಪ್ಪಾಗಲು ಶುರು. ಆದ್ದರಿಂದ ಕಡಿಮೆ ಚಳಿಯ ತಳಿ ಎಲ್ಲ ಕಡೆಗೂ ಸುಲಭ ಅನ್ನುವ ಮಾತು ನಂಬಬೇಡಿ.

ಈಗ ಹೆಸರಿಗೆ ಬರೋಣ. ಚಳಿಗಾಲ ಹೆಸರಿಗೆ ಮಾತ್ರ ಅನ್ನುವ ಜಾಗವಾದರೆ ಆನಾ ಮತ್ತು ಡಾರ್ಸೆಟ್ ಗೋಲ್ಡನ್. ಆನಾ ಇಸ್ರೇಲಿನಲ್ಲಿ ಬೆಳೆಸಿದ್ದು, ಡಾರ್ಸೆಟ್ ಗೋಲ್ಡನ್ ಬಹಾಮಾಸ್ ದ್ವೀಪದಲ್ಲಿ ಸಿಕ್ಕಿದ್ದು, ಎರಡೂ ಬಿಸಿ ನಾಡಿನ ಮಕ್ಕಳೇ. 300 ಗಂಟೆಗಿಂತ ಕಡಿಮೆ ಚಳಿಯಲ್ಲೂ ಹಣ್ಣು ಬಿಡುತ್ತವೆ. ಹಿಮಾಚಲದ ಹರಿಮನ್ ಶರ್ಮಾ ಅವರು ಆಯ್ದು ಬೆಳೆಸಿದ ಎಚ್‌ಆರ್‌ಎಂಎನ್-99 ಕೂಡ ಇದೇ ಸಾಲಿನದು. ಆದರೆ ಈ ತಳಿಗಳ ಹಣ್ಣು ಬೇಗ ಬಲಿಯುತ್ತದೆ, ಕಿತ್ತ ಮೇಲೆ ತಿಂಗಳುಗಟ್ಟಲೆ ಇಡಲು ಆಗುವುದಿಲ್ಲ, ಬೇಗ ಹಿಟ್ಟುಹಿಟ್ಟಾಗುತ್ತದೆ. ಮನೆ ಮಂದಿ ಆಗಿಂದಾಗ ಕಿತ್ತು ತಿನ್ನುವುದಾದರೆ ಅದೇನು ದೊಡ್ಡ ತೊಂದರೆ ಅಲ್ವಾ? ಚಳಿಯೇ ಇಲ್ಲದ ಕಡೆಯೂ ಒಂದು ಉಪಾಯ ಇದೆ. ಇಂಡೋನೇಷ್ಯಾದ ಜಾವಾದಲ್ಲಿ ಬಾಟು ಅನ್ನುವ ಕಡೆ ಕೊಯ್ಲು ಮುಗಿದ ಮೇಲೆ ಎಲೆಗಳನ್ನು ಕೈಯಲ್ಲೇ ಕಿತ್ತು ಹಾಕಿ ಗಿಡ ಮತ್ತೆ ಹೂ ಬಿಡುವ ಹಾಗೆ ಮಾಡುತ್ತಾರೆ, ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ನೀವು ಕೇಳಿದ್ದು ಕಷ್ಟ ಇಲ್ಲದ ಗಿಡ.

ನಡುಮಟ್ಟದ ಚಳಿ ಇರುವಲ್ಲಿ ಗಾಲಾ, ಫ್ಯೂಜಿ, ಗ್ರಾನಿ ಸ್ಮಿತ್ ಬರುತ್ತವೆ. ಗಾಲಾಗೆ ಕಜ್ಜಿ ರೋಗ, ಅಂದರೆ ಎಲೆ ಮತ್ತು ಹಣ್ಣಿನ ಮೇಲೆ ಕಪ್ಪು ಕಲೆ ಬೀಳಿಸುವ ಸ್ಕ್ಯಾಬ್, ಬೇಗ ಅಂಟುತ್ತದೆ, ಮಳೆ ಜಾಸ್ತಿ ಇದ್ದರೆ ನಾನು ಹಾಕು ಅನ್ನುವುದಿಲ್ಲ. ಗ್ರಾನಿ ಸ್ಮಿತ್ ತಡವಾಗಿ ಬಲಿಯುವ ತಳಿ, ಬೇಸಿಗೆ ಚಿಕ್ಕದಾದ ಕಡೆ ಹಣ್ಣಾಗುವ ಮೊದಲೇ ಚಳಿ ಬಂದುಬಿಡುತ್ತದೆ.

ಒಳ್ಳೆಯ ಚಳಿ ಸಿಗುವ ಜಾಗವಾದರೆ ನನ್ನ ಓಟು ಲಿಬರ್ಟಿಗೆ. ಇದು ಅಮೆರಿಕದ ಜಿನೀವಾ ಸಂಶೋಧನಾ ಕೇಂದ್ರದಿಂದ 1978ರಲ್ಲಿ ಬಂದ ತಳಿ. ಕಜ್ಜಿ ರೋಗ ಇದಕ್ಕೆ ಹತ್ತುವುದು ಅಪರೂಪ. ಚಿಗುರು ಸುಟ್ಟ ಹಾಗೆ ಕಪ್ಪಾಗಿ ತುದಿ ಬಾಗುವ ಫೈರ್ ಬ್ಲೈಟ್ ಅನ್ನೂ ಚೆನ್ನಾಗಿ ತಡೆಯುತ್ತದೆ. ಅದು ಸಿಗದಿದ್ದರೆ ಎಂಟರ್‌ಪ್ರೈಸ್, ಫ್ರೀಡಂ, ಟೋಪಾಜ್, ಇವುಗಳಲ್ಲಿ ಯಾವುದಾದರೂ ಸರಿ. ಈ ತಳಿಗಳ ಕಜ್ಜಿ ತಡೆಯುವ ಶಕ್ತಿ ಒಂದು ಕಾಡುಸೇಬಿನಿಂದ ಬಂದದ್ದು. ಹುಳು ಬೀಳುವುದೇ ಇಲ್ಲ ಅಂತ ಅರ್ಥ ಅಲ್ಲ. ಹುಳಕ್ಕೆ ತಳಿ ನೋಡಿ ಮರ್ಯಾದೆ ಕೊಡುವ ಅಭ್ಯಾಸ ಇಲ್ಲ. ಕಾಯಿ ನೆಲ್ಲಿಕಾಯಿ ಗಾತ್ರ ಆದಾಗ ಒಂದೊಂದಕ್ಕೂ ಚೀಲ ಕಟ್ಟಿದರೆ ಔಷಧಿ ಇಲ್ಲದೆ ಸುಮಾರು ಹಣ್ಣು ಉಳಿಯುತ್ತವೆ, ಒಂದೇ ಗಿಡಕ್ಕೆ ಅದು ಒಂದು ಸಂಜೆಯ ಕೆಲಸ.

ಹನಿಕ್ರಿಸ್ಪ್ ಬಗ್ಗೆ ಹೇಳುವುದಾದರೆ, ರುಚಿಗೆ ಎದುರಿಲ್ಲ, ಒಪ್ಪುತ್ತೇನೆ. ಮಿನೆಸೋಟಾ ವಿಶ್ವವಿದ್ಯಾಲಯ ಅದನ್ನು ಹೊರತಂದದ್ದು ಗಟ್ಟಿ ಚಳಿಯ ಪ್ರದೇಶಕ್ಕೆ. ಬಿಸಿ ಜಾಗದಲ್ಲಿ ಅದಕ್ಕೆ ಬಣ್ಣವೂ ಬರುವುದಿಲ್ಲ, ಆ ಗರಿಗರಿಯೂ ಇರುವುದಿಲ್ಲ. ಅದರ ಹಣ್ಣಿಗೆ ಕ್ಯಾಲ್ಸಿಯಂ ಸಾಲದೆ ಸಿಪ್ಪೆ ಕೆಳಗೆ ಕಂದು ಗುಳಿ ಬೀಳುತ್ತದೆ, ಆ ಭಾಗ ಕಹಿ. ರೋಗ ಏನೂ ಇಲ್ಲದೆಯೇ ಎಲೆ ಹಳದಿ ಚುಕ್ಕೆ ಚುಕ್ಕೆ ಆಗುತ್ತದೆ. ಒಂದು ವರ್ಷ ಜಾಸ್ತಿ ಬಿಟ್ಟು ಮುಂದಿನ ವರ್ಷ ರಜೆ ಹಾಕುವ ಚಾಳಿ ಬೇರೆ. ಮೊದಲ ಗಿಡಕ್ಕೆ ಇದು ಬೇಡ.

ಒಂದೇ ಗಿಡ ಅಂದಿರಲ್ಲ, ಅಲ್ಲೊಂದು ತೊಡಕಿದೆ. ಸೇಬು ತನ್ನದೇ ಪರಾಗದಿಂದ ಚೆನ್ನಾಗಿ ಕಾಯಿ ಕಟ್ಟುವುದಿಲ್ಲ, ಅದೇ ಹೊತ್ತಿಗೆ ಹೂ ಬಿಡುವ ಬೇರೆ ತಳಿಯ ಗಿಡ ಸುಮಾರು 15 ಮೀಟರ್ ಒಳಗೆ ಇದ್ದರೆ ಒಳ್ಳೆಯದು. ಅಕ್ಕಪಕ್ಕದ ಮನೆಯಲ್ಲಿ ಸೇಬೋ ಅಲಂಕಾರದ ಕಾಡುಸೇಬೋ ಇದ್ದರೆ ಚಿಂತೆ ಇಲ್ಲ. ಇಲ್ಲದಿದ್ದರೆ ಒಂದೇ ಬುಡಕ್ಕೆ ಎರಡು ಮೂರು ತಳಿ ಕಸಿ ಮಾಡಿದ ಗಿಡ ತನ್ನಿ. ಬಿಸಿ ಕಡೆಯವರು ಆನಾ ಮತ್ತು ಡಾರ್ಸೆಟ್ ಗೋಲ್ಡನ್ ಜೋಡಿಯಾಗಿ ಹಾಕುವುದು ಇದಕ್ಕೇ. ಪರಾಗ ಸರಿಯಾಗಿ ಸಿಕ್ಕಿತಾ ಅಂತ ನೋಡಬೇಕಾದರೆ ಒಂದು ಸೊಟ್ಟ ಹಣ್ಣನ್ನು ಅಡ್ಡಕ್ಕೆ ಕೊಯ್ದು ನೋಡಿ. ಒಳಗೆ ನಕ್ಷತ್ರದ ಹಾಗೆ ಐದು ಕೋಣೆ ಕಾಣುತ್ತದೆ. ಬೀಜ ಇಲ್ಲದ ಕೋಣೆ ಯಾವ ಕಡೆ ಇದೆಯೋ ಸಾಮಾನ್ಯವಾಗಿ ಆ ಕಡೆಯೇ ಹಣ್ಣು ಚಪ್ಪಟೆ. ಇನ್ನೊಂದು, ಜೊನಾಗೋಲ್ಡ್, ಬ್ರ್ಯಾಮ್ಲೆ, ಮುತ್ಸು ತರಹದ ತಳಿಗಳ ಪರಾಗ ಕೆಲಸಕ್ಕೆ ಬರುವುದಿಲ್ಲ, ಜೊತೆಗಾರ ಅಂತ ಅವನ್ನು ತರಬೇಡಿ.

ತಳಿಯಷ್ಟೇ ಮುಖ್ಯ ಕೆಳಗಿನ ಬೇರುಗಿಡ, ಅಂದರೆ ತಳಿಯನ್ನು ಯಾವ ಬುಡದ ಮೇಲೆ ಕಸಿ ಕಟ್ಟಿರುತ್ತಾರೋ ಆ ರೂಟ್‌ಸ್ಟಾಕ್. ಗಿಡ ಎಷ್ಟು ಎತ್ತರ ಹೋಗುತ್ತದೆ ಅನ್ನುವುದನ್ನು ಹೆಚ್ಚಾಗಿ ಅದೇ ತೀರ್ಮಾನ ಮಾಡುತ್ತದೆ. ಎಂ9 ಅನ್ನುವ ಬೇರುಗಿಡ ಆದರೆ ಎರಡೂವರೆ ಮೂರು ಮೀಟರ್, ಬೇಗ ಹಣ್ಣು, ಆದರೆ ಬೇರು ಬಡವು, ಜೀವನ ಪೂರ್ತಿ ಊರುಗೋಲು ಬೇಕು, ನೀರು ತಪ್ಪಿಸುವ ಹಾಗಿಲ್ಲ. ನೀವು ಪುರುಸೊತ್ತಿಲ್ಲ ಅಂದಿರಿ, ಹಾಗಾಗಿ ಜಾಗ ಇದ್ದರೆ ಎಂಎಂ111 ನೋಡಿ. ಗಿಡ ದೊಡ್ಡದಾಗುತ್ತದೆ, ಹಣ್ಣು ಸ್ವಲ್ಪ ತಡ, ಆದರೆ ಬರ ತಡೆಯುತ್ತದೆ. ಎಂಎಂ106 ನಡುವಿನದು, ಆದರೆ ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ. ಬೀಜದಿಂದ ಎಬ್ಬಿಸಿದ ಗಿಡ ಮಾತ್ರ ಬೇಡ, ತಾಯಿ ಗಿಡದ ಹಣ್ಣು ಅದರಲ್ಲಿ ಬರುವುದಿಲ್ಲ, ಏನು ಬರುತ್ತದೆ ಅಂತ ತಿಳಿಯಲಿಕ್ಕೇ ವರ್ಷಗಟ್ಟಲೆ ಕಾಯಬೇಕು.

ನೆಡುವಾಗ ಬುಡದ ಹತ್ತಿರ ಬಾಗಿದ ಗಂಟು ಕಾಣುತ್ತದೆ, ಅದೇ ಕಸಿಯ ಜಾಗ. ಅದು ಮಣ್ಣಿನಿಂದ ನಾಲ್ಕು ಬೆರಳಾದರೂ ಮೇಲಿರಬೇಕು. ಹೂತರೆ ಮೇಲಿನ ತಳಿಯೇ ಬೇರು ಬಿಟ್ಟು ಗಿಡ ತನ್ನಿಷ್ಟಕ್ಕೆ ಬೆಳೆಯುತ್ತದೆ, ಕುಳ್ಳ ಗಿಡ ಅಂತ ತಂದದ್ದೆಲ್ಲ ದಂಡ. ಮೊದಲ ವರ್ಷ ಬಂದ ಕಾಯಿ ಕಿತ್ತುಬಿಡಿ, ಆಮೇಲಿನ ವರ್ಷಗಳಲ್ಲಿ ಗೊಂಚಲಿಗೆ ಒಂದು ಬಿಡಿ.

ನರ್ಸರಿಗೆ ಹೋದಾಗ ಚೀಟಿಯಲ್ಲಿ ತಳಿಯ ಹೆಸರು, ರೂಟ್‌ಸ್ಟಾಕ್ ಹೆಸರು ಎರಡೂ ಇದೆಯಾ ನೋಡಿ. ಬರೀ ಕೆಂಪು ಸೇಬು ಅಂತ ಬರೆದಿದ್ದರೆ ದುಡ್ಡು ಕೊಡಬೇಡಿ. ನಿಮ್ಮಲ್ಲಿ 7 ಡಿಗ್ರಿಗಿಂತ ಕೆಳಗೆ ಹೋಗುವ ರಾತ್ರಿಗಳು ಎಷ್ಟು ವಾರ ಇರುತ್ತವೆ, ಸುತ್ತ ಬೇರೆ ಸೇಬಿನ ಗಿಡ ಇದೆಯಾ, ಇವೆರಡನ್ನು ಇಲ್ಲೇ ಬರೆಯಿರಿ ಸರ್, ಒಂದೇ ಹೆಸರಿಗೆ ಇಳಿಸಿ ಹೇಳುತ್ತೇನೆ.