ಡ್ರಮ್ಸ್ ಇಲ್ಲದೆ ಕುಣಿಸುವ ಬ್ಯಾಂಡ್‌ಗಳು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಬ್ಯಾಂಜೊ, ಪಿಟೀಲು, ಮ್ಯಾಂಡೊಲಿನ್ ಹಿಡಿದು ಊರೂರು ಸುತ್ತುವ ಅಮೆರಿಕದ ಸ್ವತಂತ್ರ ಬ್ಯಾಂಡ್‌ಗಳ ಬಗ್ಗೆ ಬಂದ ಐದು ಪ್ರಶ್ನೆಗಳು ಇಲ್ಲಿವೆ. ನನಗೆ ತುಂಬಾ ಹತ್ತಿರದ ವಿಷಯ ಇದು. ಹಾಗಾಗಿ ಒಂದೆರಡು ಕಡೆ ಉತ್ತರ ಸ್ವಲ್ಪ ಉದ್ದವಾಗಿದೆ.

ಪ್ರಶ್ನೆ: ‘ಟ್ರ್ಯಾಂಪಲ್ಡ್ ಬೈ ಟರ್ಟಲ್ಸ್’ ಎಂಬ ಬ್ಯಾಂಡ್‌ನ ಲೈವ್ ವಿಡಿಯೊ ನೋಡಿದೆ. ಡ್ರಮ್ಸ್ ಇಲ್ಲ, ಎಲೆಕ್ಟ್ರಿಕ್ ಗಿಟಾರೂ ಇಲ್ಲ. ಆದರೂ ಜನ ಹುಚ್ಚೆದ್ದು ಕುಣಿಯುತ್ತಿದ್ದರು. ಅಷ್ಟು ಜೋರು ಎಲ್ಲಿಂದ ಬರುತ್ತದೆ?
— ಕಾಲೇಜು ವಿದ್ಯಾರ್ಥಿ, ಧಾರವಾಡ

ವೇದಿಕೆಯ ಮೇಲೆ ಡ್ರಮ್ಸ್ ಇಲ್ಲ, ಆದರೆ ಡ್ರಮ್ಸ್ ಮಾಡುವ ಕೆಲಸ ಇದೆ. ಅದನ್ನು ಎಲ್ಲರೂ ಹಂಚಿಕೊಂಡಿದ್ದಾರೆ.

ಆ ವಿಡಿಯೊ ಮತ್ತೆ ಹಾಕಿ, ಒಂದು ಎರಡು ಮೂರು ನಾಲ್ಕು ಎಂದು ಎಣಿಸುತ್ತಾ ಕೇಳಿ. ಒಂದಕ್ಕೂ ಮೂರಕ್ಕೂ ‘ದಮ್’ ಎನ್ನುವುದು ಆಳೆತ್ತರದ ತಂತಿವಾದ್ಯ ಬೇಸ್. ಎರಡಕ್ಕೂ ನಾಲ್ಕಕ್ಕೂ ‘ಚಕ್’ ಎನ್ನುವುದು ಮ್ಯಾಂಡೊಲಿನ್. ಈ ‘ಚಕ್’ಗೆ ಅವರು ‘ಚಾಪ್’ ಅನ್ನುತ್ತಾರೆ. ತಂತಿಗಳನ್ನು ಒಟ್ಟಿಗೆ ಹೊಡೆದು, ಆ ಕ್ಷಣವೇ ಎಡಗೈ ಬೆರಳುಗಳನ್ನು ಸಡಿಲಿಸಿ ನಾದವನ್ನು ನಿಲ್ಲಿಸಿಬಿಡುತ್ತಾರೆ. ಸ್ವರಕ್ಕಿಂತ ಪೆಟ್ಟೇ ಜಾಸ್ತಿ ಕೇಳಿಸುತ್ತದೆ. ಈ ಎರಡರ ನಡುವೆ ಉಳಿದ ಜಾಗವನ್ನೆಲ್ಲ ಬ್ಯಾಂಜೊ ತುಂಬುತ್ತದೆ. ಹೆಬ್ಬೆರಳು ಮತ್ತು ಎರಡು ಬೆರಳು ಸೇರಿ ಬಿಡುವಿಲ್ಲದೆ ಸುರಿಯುವ ಸ್ವರಗಳು. 1945ರ ಡಿಸೆಂಬರ್‌ನಲ್ಲಿ ಅರ್ಲ್ ಸ್ಕ್ರಗ್ಸ್ ಎಂಬ ಹುಡುಗ ಮ್ಯಾಂಡೊಲಿನ್ ವಾದಕ ಬಿಲ್ ಮನ್ರೋ ಅವರ ಬ್ಯಾಂಡ್ ಸೇರಿದ ಮೇಲೆ ಮೂರು ಬೆರಳಿನಲ್ಲಿ ನುಡಿಸುವ ಈ ರೀತಿ ದೇಶಕ್ಕೆಲ್ಲ ಹಬ್ಬಿತು. ನಾವಿಂದು ‘ಬ್ಲೂಗ್ರಾಸ್’ ಎನ್ನುವ ಸಂಗೀತದ ಗುರುತೇ ಅದು.

ಡ್ರಮ್ಸ್ ಇದ್ದರೆ ಒಬ್ಬನೇ ತಾಳ ಹಿಡಿದಿರುತ್ತಾನೆ, ಬೇರೆಯವರು ಸ್ವಲ್ಪ ಆರಾಮಾಗಿರಬಹುದು. ಇಲ್ಲಿ ಯಾರೂ ಕೈಬಿಡುವ ಹಾಗಿಲ್ಲ. ಒಬ್ಬರು ತಪ್ಪಿದರೆ ಇಡೀ ಹಾಡು ಕುಸಿಯುತ್ತದೆ. ಆ ಬಿಗಿ ನೋಡುವವರಿಗೂ ತಾಗುತ್ತದೆ. ನಾನು ಮ್ಯಾಂಡೊಲಿನ್ ಕಲಿಯುವಾಗ ತಿಂಗಳುಗಟ್ಟಲೆ ಬರೀ ‘ಚಾಪ್’ ಹೊಡೆದಿದ್ದೇನೆ. ಆಗಲೇ ನನಗೆ ಈ ಸಂಗೀತದ ಬೆನ್ನೆಲುಬು ಎಲ್ಲಿದೆ ಎಂದು ಗೊತ್ತಾಗಿದ್ದು.

ನೀವು ನೋಡಿದ ಬ್ಯಾಂಡ್ ಮಿನ್ನೆಸೋಟ ರಾಜ್ಯದ ಡುಲೂತ್ ಊರಿನದು. 2003ರಲ್ಲಿ ಶುರುವಾಯಿತು. ಅದರ ಹುಟ್ಟಿನ ಕತೆ ಕೇಳಿ. ಡೇವ್ ಸಿಮೊನೆಟ್ ಮೊದಲು ಬೇರೊಂದು ಬ್ಯಾಂಡ್‌ನಲ್ಲಿದ್ದರು. ಒಂದು ದಿನ ಅವರು ಒಳಗೆ ನುಡಿಸುತ್ತಿದ್ದಾಗ ಹೊರಗೆ ಅವರ ಕಾರಿನಿಂದ ಸಾಮಾನೆಲ್ಲ ಕಳವಾಯಿತು. ಉಳಿದಿದ್ದು ಒಂದು ಅಕೂಸ್ಟಿಕ್ ಗಿಟಾರ್ ಮಾತ್ರ. ಕರೆಂಟ್ ಬೇಡದ ವಾದ್ಯಗಳವರನ್ನೇ ಹುಡುಕಿ ಹೊಸ ಬ್ಯಾಂಡ್ ಕಟ್ಟಿದರು. ಅವರ ಹಾಡು ಬರೀ ವೇಗ ಎಂದುಕೊಳ್ಳಬೇಡಿ. ಮೂರು ಓಟದ ಹಾಡುಗಳ ನಂತರ ತೀರಾ ನಿಧಾನದ ಒಂದು ಹಾಡು ಬರುತ್ತದೆ. ನನ್ನ ಪ್ರಕಾರ ಅವರ ಜಾಣತನ ಇರುವುದೇ ಆ ನಿಧಾನದಲ್ಲಿ. ಅದು ಇರುವುದರಿಂದಲೇ ಮುಂದಿನ ಓಟ ಮೈ ನಡುಗಿಸುತ್ತದೆ.

ಇನ್ನೊಂದು ಬ್ಯಾಂಡ್ ಹೇಳದೆ ಬಿಡಲಾರೆ. ಕ್ಯಾನ್ಸಸ್‌ನ ವಿಚಿಟಾ ಊರಿನ ‘ಸ್ಪ್ಲಿಟ್ ಲಿಪ್ ರೇಫೀಲ್ಡ್’. ಅವರ ಬೇಸ್ ಅಂಗಡಿಯಲ್ಲಿ ಕೊಂಡದ್ದಲ್ಲ. ಹಳೇ ಕಾರಿನ ಪೆಟ್ರೋಲ್ ಟ್ಯಾಂಕಿಗೆ ಒಂದು ಮರದ ಪಟ್ಟಿ ಜೋಡಿಸಿ, ಹುಲ್ಲು ಕತ್ತರಿಸುವ ಮೆಷಿನ್ನಿನ ನೈಲಾನ್ ದಾರವನ್ನು ಬಿಗಿದಿದ್ದಾರೆ. ಒಂದೇ ತಂತಿ. ಜೆಫ್ ಈಟನ್ ಅದರಲ್ಲೇ ಇಡೀ ಬ್ಯಾಂಡನ್ನು ಓಡಿಸುತ್ತಾರೆ.

ಪ್ರಶ್ನೆ: ‘ಅಮೆರಿಕಾನಾ’ ಅಂದರೆ ನಿಖರವಾಗಿ ಏನು? ಕಂಟ್ರಿ ಸಂಗೀತವೇ ಅಲ್ವಾ?
— ಶಾಲಾ ಶಿಕ್ಷಕಿ, ಶಿವಮೊಗ್ಗ

ಅಷ್ಟೇ ಅಲ್ಲ. ಹಳ್ಳಿಗಾಡಿನಿಂದ ಬಂದ ಕಂಟ್ರಿ, ಕಪ್ಪು ಜನರ ಬ್ಲೂಸ್, ಬ್ಲೂಗ್ರಾಸ್, ಚರ್ಚಿನ ಗಾಸ್ಪೆಲ್, ಬೆಟ್ಟದ ಜನರ ಹಳೇ ಪಿಟೀಲು ಹಾಡು, ಇವೆಲ್ಲದರಿಂದ ಬೇಕಾದ್ದು ತೆಗೆದುಕೊಂಡು ಹೊಸದಾಗಿ ಹಾಡು ಕಟ್ಟುವವರಿಗೆ ಈ ಹೆಸರು. ಇವರ ಹಾಡು ರೇಡಿಯೊದ ಕಂಟ್ರಿಗೂ ಹೊಂದುತ್ತಿರಲಿಲ್ಲ, ರಾಕ್‌ಗೂ ಹೊಂದುತ್ತಿರಲಿಲ್ಲ. 1999ರಲ್ಲಿ ಇಂಥವರಿಗಾಗಿಯೇ ಅಮೆರಿಕಾನಾ ಮ್ಯೂಸಿಕ್ ಅಸೋಸಿಯೇಷನ್ ಹುಟ್ಟಿತು. 2010ರಿಂದ ಗ್ರ್ಯಾಮಿಯಲ್ಲಿ ‘ಅಮೆರಿಕಾನಾ ಆಲ್ಬಂ’ಗೆ ಬೇರೆ ಪ್ರಶಸ್ತಿಯೂ ಇದೆ. ಮೊದಲ ವರ್ಷ ಅದು ಗಾಯಕ, ಡ್ರಮ್ ವಾದಕ ಲೆವನ್ ಹೆಲ್ಮ್ ಅವರಿಗೆ ಸಿಕ್ಕಿತು. ಹೆಸರಿನ ಗಡಿಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನುಡಿಸುವವರಲ್ಲೇ ಅದಕ್ಕೆ ಒಮ್ಮತ ಇಲ್ಲ.

ಪ್ರಶ್ನೆ: ನಮ್ಮ ಕಡೆ ಗಣಪತಿ ಮೆರವಣಿಗೆಯಲ್ಲಿ ಬ್ಯಾಂಜೊ ಬಾರಿಸುತ್ತಾರೆ. ಅದೂ ಇವರ ಬ್ಯಾಂಜೊ ಎರಡೂ ಒಂದೇನಾ? ಮತ್ತೆ, ಇದು ಬರೀ ಬಿಳಿಯರ ಸಂಗೀತವೇ?
— ಓದುಗರು, ಬೆಳಗಾವಿ

ಹೆಸರು ಒಂದೇ, ವಾದ್ಯ ಬೇರೆ. ನಮ್ಮ ಮೆರವಣಿಗೆಯ ಬ್ಯಾಂಜೊ ಅಂದರೆ ಬುಲ್‌ಬುಲ್ ತರಂಗ್. ಅಡ್ಡಡ್ಡ ಇಟ್ಟುಕೊಂಡು, ಒಂದು ಕೈಯಲ್ಲಿ ಟೈಪ್‌ರೈಟರಿನಂಥ ಗುಂಡಿ ಒತ್ತುತ್ತಾ ಇನ್ನೊಂದು ಕೈಯಲ್ಲಿ ಮೀಟುವುದು. ಅದರ ಮೂಲ ಜಪಾನಿನ ತೈಶೋಗೊಟೊ. 1912ರ ಸುಮಾರಿಗೆ ನಗೋಯ ನಗರದಲ್ಲಿ ಹುಟ್ಟಿದ ವಾದ್ಯ. ಕಡಲು ದಾಟಿ ನಮ್ಮಲ್ಲಿಗೆ ಬಂತು.

ಅಮೆರಿಕದ ಬ್ಯಾಂಜೊ ಬೇರೆಯೇ ದಾರಿಯಲ್ಲಿ ಬಂದದ್ದು. ಅದು ಆಫ್ರಿಕದಿಂದ ಗುಲಾಮರಾಗಿ ಎಳೆದು ತಂದವರ ಕೈಯಲ್ಲಿ ಹುಟ್ಟಿತು. ಸೋರೆಬುರುಡೆಗೆ ಚರ್ಮ ಬಿಗಿದು, ಕೋಲು ಸಿಕ್ಕಿಸಿ, ತಂತಿ ಕಟ್ಟಿದ ವಾದ್ಯ. ಸೆನೆಗಲ್, ಗ್ಯಾಂಬಿಯಾ ಕಡೆಯ ಜೋಲಾ ಜನರ ‘ಅಕೊಂಟಿಂಗ್’ ಅನ್ನು ನೋಡಿದರೆ ನಂಟು ಕಣ್ಣಿಗೇ ಕಾಣುತ್ತದೆ. ಉಗುರಿನ ಹಿಂಬದಿಯಿಂದ ತಂತಿಯನ್ನು ಕೆಳಕ್ಕೆ ಹೊಡೆಯುವ ರೀತಿಯೂ ಅದೇ. ಮುಂದೆ ಬಿಳಿಯರು ಅದನ್ನು ಕಲಿತರು. ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನೇ ಗೇಲಿ ಮಾಡುವ ಆಟಗಳಲ್ಲಿ ಬಳಸಿದರು. ಆಮೇಲೆ ರೆಕಾರ್ಡ್ ಕಂಪನಿಗಳು ಬಿಳಿಯರ ಪಿಟೀಲು, ಬ್ಯಾಂಜೊ ಹಾಡನ್ನು ಒಂದು ಹೆಸರಲ್ಲಿ, ಕಪ್ಪು ಜನರ ಬ್ಲೂಸನ್ನು ಇನ್ನೊಂದು ಹೆಸರಲ್ಲಿ ಮಾರಿದವು. ಬ್ಯಾಂಜೊ ಯಾರದ್ದು ಎಂಬುದೇ ಜನಕ್ಕೆ ಮರೆತುಹೋಯಿತು. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಅದನ್ನು ನೆನಪಿಸಿದ ಬ್ಯಾಂಡ್ ‘ಕೆರೊಲೈನಾ ಚಾಕೊಲೇಟ್ ಡ್ರಾಪ್ಸ್’. 2005ರ ಏಪ್ರಿಲ್‌ನಲ್ಲಿ ನಾರ್ತ್ ಕೆರೊಲೈನಾದ ಬೂನ್ ಊರಿನಲ್ಲಿ ಕಪ್ಪು ಬ್ಯಾಂಜೊ ವಾದಕರ ಒಂದು ಸಮಾವೇಶ ನಡೆಯಿತು. ರಿಯಾನನ್ ಗಿಡೆನ್ಸ್, ಡಾಮ್ ಫ್ಲೆಮನ್ಸ್, ಜಸ್ಟಿನ್ ರಾಬಿನ್ಸನ್ ಒಬ್ಬರಿಗೊಬ್ಬರು ಸಿಕ್ಕಿದ್ದು ಆಗ. ಆ ಬೇಸಿಗೆಯಿಂದ ಅವರು ಪ್ರತಿ ಗುರುವಾರ ಸಂಜೆ ಮೆಬೇನ್ ಎಂಬಲ್ಲಿಗೆ ಹೋಗಿ ಜೋ ಥಾಂಪ್ಸನ್ ಅವರ ಮುಂದೆ ಕೂರುತ್ತಿದ್ದರು. ಥಾಂಪ್ಸನ್ ಆಗ ಎಂಬತ್ತು ದಾಟಿದ್ದ ಪಿಟೀಲು ವಾದಕ. ಮನೆತನದಿಂದ ಬಂದ ಕುಣಿತದ ಸಂಗೀತವನ್ನು ಉಳಿಸಿಕೊಂಡಿದ್ದ ಕೊನೆಯ ಕೆಲವು ಕಪ್ಪು ವಾದಕರಲ್ಲಿ ಒಬ್ಬರು. ಪುಸ್ತಕ ಇಲ್ಲ, ನೊಟೇಶನ್ ಇಲ್ಲ. ಅವರು ನುಡಿಸುವುದು, ಇವರು ಜೊತೆಗೂಡುವುದು, ಅಷ್ಟೇ. ಗುರುವಿನ ಎದುರು ಕೂತು ಕಲಿಯುವುದು ಅಂದರೆ ಏನೆಂದು ನಮಗೆ ಬೇರೆ ಹೇಳಬೇಕಾಗಿಲ್ಲ. 2010ರಲ್ಲಿ ಬಂದ ಅವರ ಆಲ್ಬಂಗೆ ಮರುವರ್ಷ ಗ್ರ್ಯಾಮಿ ಬಂತು. ವೇದಿಕೆಯಲ್ಲಿ ಅವರು ಜಗ್ ಊದುತ್ತಿದ್ದರು, ಮೂಳೆಯ ಚಿಟಿಕೆ ಬಾರಿಸುತ್ತಿದ್ದರು, ಕುಣಿಯುತ್ತಿದ್ದರು. ಪಾಠ ಹೇಳುತ್ತಿದ್ದೇವೆ ಎಂಬ ಭಾರ ಇರಲಿಲ್ಲ. ಆದರೆ ಮನೆಗೆ ಹೋಗುವಷ್ಟರಲ್ಲಿ ಪಾಠ ಆಗಿರುತ್ತಿತ್ತು.

ಪ್ರಶ್ನೆ: ನಾವು ನಾಲ್ಕು ಜನ ಸೇರಿ ತತ್ವಪದ, ಜನಪದ ಹಾಡುಗಳ ಬ್ಯಾಂಡ್ ಕಟ್ಟಿದ್ದೇವೆ. ರೆಕಾರ್ಡಿಂಗ್ ಚೆನ್ನಾಗಿದೆ, ವೇದಿಕೆಯಲ್ಲಿ ಮಾತ್ರ ಸಪ್ಪೆ. ಕಳೆದ ತಿಂಗಳು ಒಂದು ಕಾರ್ಯಕ್ರಮದಲ್ಲಿ ಅರ್ಧ ಜನ ಎದ್ದು ಹೋದರು. ಈ ಅಮೆರಿಕದ ಬ್ಯಾಂಡ್‌ಗಳಿಂದ ನಾವು ಕಲಿಯುವುದು ಏನಾದರೂ ಇದೆಯೇ?
— ಯುವ ಗಾಯಕ, ಮೈಸೂರು

ಇದೆ. ಮೊದಲು ಒಂದು ಕತೆ.

‘ಓಲ್ಡ್ ಕ್ರೋ ಮೆಡಿಸಿನ್ ಶೋ’ 1998ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಶುರುವಾದ ಬ್ಯಾಂಡ್. ಕೆಚ್ ಸೆಕರ್ ಮತ್ತು ಗೆಳೆಯರು ಬೀದಿಯಲ್ಲಿ ನುಡಿಸುತ್ತಾ, ಹ್ಯಾಟಿಗೆ ಬಿದ್ದ ದುಡ್ಡಿನಲ್ಲಿ ಊರಿಂದೂರಿಗೆ ಹೋಗುತ್ತಿದ್ದರು. 2000ದಲ್ಲಿ ಬೂನ್ ಊರಿನ ಒಂದು ಔಷಧಿ ಅಂಗಡಿಯ ಮುಂದೆ ನುಡಿಸುತ್ತಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸು ನಿಂತು ಕೇಳಿ, ತನ್ನ ತಂದೆಯನ್ನು ಕರೆತಂದರು. ಆ ತಂದೆ ಡಾಕ್ ವಾಟ್ಸನ್, ಕಣ್ಣು ಕಾಣದ ದೊಡ್ಡ ಗಿಟಾರ್ ವಾದಕ. ಕೇಳಿದವರೇ ತಮ್ಮ ‘ಮರ್ಲ್‌ಫೆಸ್ಟ್’ ಉತ್ಸವಕ್ಕೆ ಕರೆದರು. 2013ರಲ್ಲಿ ಈ ಬ್ಯಾಂಡ್ ನ್ಯಾಶ್‌ವಿಲ್‌ನ ಹೆಸರಾಂತ ಕಂಟ್ರಿ ಸಂಗೀತ ವೇದಿಕೆ ಗ್ರ್ಯಾಂಡ್ ಓಲ್ ಆಪ್ರಿಯ ಸದಸ್ಯತ್ವ ಪಡೆಯಿತು.

ಅದೃಷ್ಟ ಇತ್ತು, ನಿಜ. ಆದರೆ ಆ ಹೆಂಗಸು ಯಾಕೆ ನಿಂತರು? ಬೀದಿಯಲ್ಲಿ ಯಾರೂ ಟಿಕೆಟ್ ಕೊಂಡಿರುವುದಿಲ್ಲ. ಸಂತೆಗೆ ಹೋಗುವವರನ್ನು ಮೊದಲ ಹತ್ತು ಸೆಕೆಂಡಿನಲ್ಲಿ ನಿಲ್ಲಿಸಬೇಕು. ಶ್ರುತಿ ಸರಿಮಾಡುತ್ತಾ ನಿಂತರೆ, ಸುಮ್ನೆ ಮಾತಾಡುತ್ತಾ ನಿಂತರೆ ಆಸಾಮಿ ಹೋದ. ಬ್ಯಾಂಡ್‌ನ ಹೆಸರಿನಲ್ಲಿರುವ ‘ಮೆಡಿಸಿನ್ ಶೋ’ ಅಂದರೆ ಕೂಡ ಅದೇ. ಹಿಂದೆ ಊರೂರಿಗೆ ಗಾಡಿಯಲ್ಲಿ ಔಷಧಿ ಮಾರಲು ಬರುವವರು ಜನ ಸೇರಿಸಲು ಪಿಟೀಲಿನವರನ್ನು ಜೊತೆಗೆ ಕರೆತರುತ್ತಿದ್ದರು.

ಹಾಗಾಗಿ ನನ್ನ ಮೊದಲ ಸಲಹೆ: ಮೂರು ತಿಂಗಳು ಸೌಂಡ್ ಸಿಸ್ಟಮ್ ಇಲ್ಲದೆ ಹಾಡಿ. ಪಾರ್ಕು, ಕಾಲೇಜು ಆವರಣ, ಹಬ್ಬದ ಮನೆ, ಎಲ್ಲಿ ಒಪ್ಪುತ್ತಾರೋ ಅಲ್ಲಿ. ಯಾವ ಸಾಲಿಗೆ ಜನ ತಲೆ ಎತ್ತುತ್ತಾರೆ, ಎಲ್ಲಿ ಮೊಬೈಲ್ ತೆಗೆಯುತ್ತಾರೆ ಎಂದು ನೋಡಿಕೊಳ್ಳಿ. ಎದ್ದು ಹೋದವರ ಮೇಲೆ ಬೇಸರ ಬೇಡ. ಅವರು ನಿಮಗೆ ಒಂದು ವಿಷಯ ಹೇಳಿ ಹೋಗಿದ್ದಾರೆ.

ಎರಡನೆಯದು, ಒಂದೇ ಮೈಕಿನ ಸುತ್ತ ನಿಂತು ಅಭ್ಯಾಸ ಮಾಡಿ. ಹಳೇ ಬ್ಲೂಗ್ರಾಸ್‌ನವರು ಹೀಗೇ ನುಡಿಸುತ್ತಿದ್ದರು. ಡೆಲ್ ಮೆಕ್ಕೂರಿ ಬ್ಯಾಂಡ್ ಇದಕ್ಕೆ ಹೆಸರುವಾಸಿ. ಹಾಡುವವರು ಮುಂದೆ ಬರುತ್ತಾರೆ, ಪಿಟೀಲಿನ ಸರದಿ ಬಂದಾಗ ಹಿಂದೆ ಸರಿಯುತ್ತಾರೆ, ಇನ್ನೊಬ್ಬರು ನುಸುಳಿ ಬರುತ್ತಾರೆ. ಯಾರೂ ಡಿಕ್ಕಿ ಹೊಡೆಯುವುದಿಲ್ಲ. ನೋಡುವವರಿಗೆ ಅದು ಕುಣಿತದ ಹಾಗೆ ಕಾಣುತ್ತದೆ. ನುಡಿಸುವವರಿಗೆ ಅದು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವ ದಾರಿ. ನಾಲ್ವರೂ ನಾಲ್ಕು ಮೈಕಿನ ಹಿಂದೆ ಕಂಬದ ಹಾಗೆ ನಿಲ್ಲುವ ಅಭ್ಯಾಸ ಇದರಿಂದ ಬಿಟ್ಟುಹೋಗುತ್ತದೆ.

ನುಡಿಸುವವರು ಕಡಿಮೆ ಇದ್ದರೆ ಕಾಲನ್ನೂ ಬಳಸಿ. ನಾರ್ತ್ ಕೆರೊಲೈನಾದ ಕಾಂಕರ್ಡ್ ಊರಿನ ಅಣ್ಣತಮ್ಮಂದಿರು ಸ್ಕಾಟ್ ಮತ್ತು ಸೆತ್ ಏವೆಟ್ ಹಾಗೆಯೇ ಮಾಡುತ್ತಿದ್ದರು. ಒಬ್ಬರು ಬ್ಯಾಂಜೊ ನುಡಿಸುತ್ತಾ ಕಾಲಲ್ಲಿ ಕಿಕ್ ಡ್ರಮ್, ಇನ್ನೊಬ್ಬರು ಗಿಟಾರ್ ಜೊತೆ ಕಾಲಲ್ಲಿ ಹೈ-ಹ್ಯಾಟ್ ಎಂಬ ಜೋಡಿ ತಾಳ. ಮಧ್ಯೆ ಬಾಬ್ ಕ್ರಾಫರ್ಡ್ ಅವರ ಬೇಸ್. ಹಿಂದೆ ಜೋರಾದ ರಾಕ್ ಬ್ಯಾಂಡ್‌ನಲ್ಲಿದ್ದವರು, ಆ ಕೂಗನ್ನು ಬ್ಯಾಂಜೊಗೆ ತಂದರು. ತಂತಿ ಹರಿದರೂ ಹಾಡು ನಿಲ್ಲಿಸುತ್ತಿರಲಿಲ್ಲ. ಎಷ್ಟೋ ವರ್ಷ ‘ರಾಮ್ಸರ್ ರೆಕಾರ್ಡ್ಸ್’ ಎಂಬ ಚಿಕ್ಕ ಸ್ವತಂತ್ರ ಕಂಪನಿಯಿಂದಲೇ ಆಲ್ಬಂ ತಂದು, ವ್ಯಾನಿನಲ್ಲಿ ತಿರುಗಿ ಕೇಳುಗರನ್ನು ಕೂಡಿಸಿದರು. 2009ರಲ್ಲಿ ಹೆಸರಾಂತ ನಿರ್ಮಾಪಕ ರಿಕ್ ರೂಬಿನ್ ಜೊತೆ ದೊಡ್ಡ ಆಲ್ಬಂ ಮಾಡುವ ಹೊತ್ತಿಗೆ ಜನ ಆಗಲೇ ಇದ್ದರು.

ಹಾಗಂತ ನೀವು ಬ್ಯಾಂಜೊ ಹಿಡಿಯಬೇಕಿಲ್ಲ. ದಮ್ಮಡಿ, ಏಕತಾರಿ ಇರುವವರಿಗೆ ಅದೇನೂ ಕಮ್ಮಿ ಅಲ್ಲ. ನಿಮ್ಮ ಮೈಸೂರಲ್ಲೇ ಬೆಳೆದ ರಘು ದೀಕ್ಷಿತ್ ಶಿಶುನಾಳ ಷರೀಫರ ಪದಗಳನ್ನು ಹಿಡಿದು 2011ರಲ್ಲಿ ಇಂಗ್ಲೆಂಡಿನ ದೊಡ್ಡ ಸಂಗೀತ ಉತ್ಸವ ಗ್ಲಾಸ್ಟನ್‌ಬರಿಯ ಜನರನ್ನು ಕುಣಿಸಿದರು. ಅಲ್ಲಿದ್ದ ಎಷ್ಟು ಮಂದಿಗೆ ಕನ್ನಡ ಬರುತ್ತಿತ್ತು ಹೇಳಿ!

ಪ್ರಶ್ನೆ: ರಾಲಿಯಲ್ಲಿ ಇದ್ದೇವೆ. ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಎಂಟು ವರ್ಷದ ಮಗಳಿದ್ದಾಳೆ. ಎಲ್ಲರೂ ಒಟ್ಟಿಗೆ ನೋಡಬಹುದಾದ ಶೋ ಯಾವುದು? ಬೆಂಗಳೂರಲ್ಲಿರುವ ತಂಗಿಗೂ ಆಸಕ್ತಿ ಇದೆ. ಅವಳು ಏನು ಕೇಳಬೇಕು?
— ಓದುಗರು, ನಾರ್ತ್ ಕೆರೊಲೈನಾ

ನೀವು ಇರುವುದೇ ಈ ಸಂಗೀತದ ತವರಿನಲ್ಲಿ! ಏಪ್ರಿಲ್ ಕೊನೆಯಲ್ಲಿ ಅವರು ಇದ್ದರೆ ವಿಲ್ಕ್ಸ್‌ಬರೋದ ಮರ್ಲ್‌ಫೆಸ್ಟ್‌ಗೆ ಹೋಗಿ. ಕಾರಿನಲ್ಲಿ ಮೂರು ಗಂಟೆಯೊಳಗಿನ ದಾರಿ. ಡಾಕ್ ವಾಟ್ಸನ್ ಅವರ ತೀರಿಹೋದ ಮಗನ ನೆನಪಿಗೆ 1988ರಲ್ಲಿ ಶುರುವಾದ ಉತ್ಸವ ಅದು. ಅಲ್ಲಿನ ಕಮ್ಯುನಿಟಿ ಕಾಲೇಜಿನ ಆವರಣದಲ್ಲೇ ನಡೆಯುತ್ತದೆ. ಹಗಲಲ್ಲಿ ಒಂದು ವೇದಿಕೆಯಿಂದ ಇನ್ನೊಂದಕ್ಕೆ ನಡೆಯಬಹುದು, ಮಕ್ಕಳಿಗೆ ಬೇರೆ ಜಾಗ ಇದೆ. ಮಡಚುವ ಕುರ್ಚಿ ತರಬಹುದೇ ಎಂದು ಮೊದಲೇ ನೋಡಿಕೊಳ್ಳಿ.

ರಾತ್ರಿಯ ಕ್ಲಬ್ ಶೋ ಆದರೆ ಟಿಕೆಟ್ ಮೇಲೆ ‘ಜನರಲ್ ಅಡ್ಮಿಷನ್’ ಎಂದಿದೆಯೇ ನೋಡಿ. ಹಾಗೆಂದರೆ ಬಹಳ ಕಡೆ ಎರಡು ಮೂರು ಗಂಟೆ ನಿಂತೇ ಇರಬೇಕು, ಹಿರಿಯರಿಗೆ ಆಗುವುದಿಲ್ಲ. ಮಗಳಿಗೆ ಕಿವಿಗೆ ಹಾಕುವ ಇಯರ್‌ಮಫ್ ಮರೆಯಬೇಡಿ. ಇಂಡಿಯಾನಾದ ‘ರೆವರೆಂಡ್ ಪೇಟನ್ಸ್ ಬಿಗ್ ಡ್ಯಾಮ್ ಬ್ಯಾಂಡ್’ ಹತ್ತಿರ ಬಂದರೆ ಅವಳನ್ನು ಖಂಡಿತ ಕರೆದುಕೊಂಡು ಹೋಗಿ. ಬರೀ ಮೂರು ಜನ. ಬ್ರೀಜಿ ಪೇಟನ್ ಬಟ್ಟೆ ಉಜ್ಜುವ ತಗಡಿನ ಹಲಗೆಯನ್ನೇ ತಾಳವಾದ್ಯ ಮಾಡಿಕೊಂಡಿದ್ದಾರೆ. ಎಷ್ಟೋ ಸಲ ಕೊನೆಯಲ್ಲಿ ಆ ಹಲಗೆಗೆ ಬೆಂಕಿ ಹಚ್ಚಿಕೊಂಡೇ ಬಾರಿಸುತ್ತಾರೆ. ಶೋ ಮುಗಿದ ಮೇಲೆ ಬಾಗಿಲ ಹತ್ತಿರದ ಮೇಜಿನಲ್ಲಿ ಒಂದು ಟೀ-ಶರ್ಟ್ ಅಥವಾ ಸಿ.ಡಿ. ಕೊಳ್ಳಿ. ಚಿಕ್ಕ ಬ್ಯಾಂಡ್‌ನ ಮುಂದಿನ ಊರಿನ ಡೀಸೆಲ್ ಖರ್ಚು ಹುಟ್ಟುವುದು ಅಲ್ಲೇ.

ತಂಗಿಗೆ ಹೇಳಿ, ಉಚಿತ ಆನ್‌ಲೈನ್ ಸಂಗ್ರಹವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ‘ಲೈವ್ ಮ್ಯೂಸಿಕ್ ಆರ್ಕೈವ್’ ಎಂಬ ವಿಭಾಗ ಇದೆ. 2002ರಿಂದ ನಡೆಯುತ್ತಿದೆ. ಕೇಳುಗರು ಶೋ ರೆಕಾರ್ಡ್ ಮಾಡಿ ಹಂಚಿಕೊಳ್ಳಲು ಒಪ್ಪಿಗೆ ಕೊಟ್ಟ ಬ್ಯಾಂಡ್‌ಗಳ ಪೂರ್ತಿ ಶೋಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ಕೊಲೊರಾಡೊದ ‘ಯಾಂಡರ್ ಮೌಂಟನ್ ಸ್ಟ್ರಿಂಗ್ ಬ್ಯಾಂಡ್’ನಿಂದ ಶುರು ಮಾಡಲಿ. ಒಂದೇ ಹಾಡನ್ನು ಎರಡು ಬೇರೆ ರಾತ್ರಿಗಳ ಶೋನಿಂದ ಆರಿಸಿಕೊಂಡು, ಇಯರ್‌ಫೋನ್ ಹಾಕಿ, ಮೊದಲು ಬೇಸ್ ಒಂದನ್ನೇ ಹಿಂಬಾಲಿಸಲಿ. ಎರಡನೇ ಸಲ ಮ್ಯಾಂಡೊಲಿನ್ ಒಂದನ್ನೇ.