ಕೊನೆಗೆ ಉಂಡವರ ಸುಖ

ಅಕ್ಕೋರೇ, ನಮಸ್ಕಾರ.

ಶಾಲೆಯ ಮಕ್ಕಳು ನಿಮ್ಮನ್ನು ಹೀಗೇ ಕರೆಯುತ್ತಿದ್ದರು ಎಂದು ಬರೆದಿದ್ದೀರಿ. ಹೆಸರು ಹಾಕಬೇಡಿ ಎಂದೂ ಕೇಳಿದ್ದೀರಿ. ಹಾಗಾಗಿ ನನಗೂ ನೀವು ಅಕ್ಕೋರೇ.

ಉಳಿದ ಓದುಗರಿಗಾಗಿ ನಿಮ್ಮ ಪತ್ರದ ವಿಷಯ ಹೇಳಿಬಿಡುತ್ತೇನೆ. ನಿಮ್ಮ ಅಮ್ಮ ಕಳೆದ ವರ್ಷ ತೀರಿಕೊಂಡರು. ವರ್ಷಾಂತಿಕದ ದಿನ ನೆಂಟರೆಲ್ಲ ಕೂತಿದ್ದಾಗ ನಿಮ್ಮ ತಮ್ಮ, "ಅಮ್ಮ ಯಾವತ್ತೂ ಒಂದು ಕೊರತೆ ಹೇಳಿದವಳಲ್ಲ, ಸುಖವಾಗಿ ಬಾಳಿದಳು" ಎಂದರು. ನಿಮಗೆ ತಡೆಯಲಾಗಲಿಲ್ಲ. 40 ವರ್ಷ ಎಲ್ಲರಿಗೂ ಬಡಿಸಿ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಂಡವಳಿಗೆ ಈ ಮನೆ ಅನ್ಯಾಯ ಮಾಡಿದೆ ಎಂದಿರಿ. ತಮ್ಮನಿಗೆ ಸಿಟ್ಟು ಬಂತು. "ಅವಳಿಗೇ ಅನ್ನಿಸದ ಅನ್ಯಾಯ ನಿನಗೆ ಹೇಗೆ ಕಂಡಿತು?" ಎಂದು ಕೇಳಿದರು. ಆ ಪ್ರಶ್ನೆಯನ್ನು ನೀವು ನನಗೆ ಕಳಿಸಿದ್ದೀರಿ.

ಮೂರು ವಾರದಿಂದ ನಿಮ್ಮ ಪತ್ರ ನನ್ನ ಮೇಜಿನ ಮೇಲೇ ಇದೆ. ತಮ್ಮನ ಪ್ರಶ್ನೆ ಸಣ್ಣದಲ್ಲ. ನ್ಯಾಯ, ಸಮಾನತೆ ಎಂದು ತಲೆ ಕೆಡಿಸಿಕೊಂಡ ದೊಡ್ಡವರೇ ಇಲ್ಲಿ ಎಡವಿದ್ದಾರೆ.

18ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ತತ್ವಶಾಸ್ತ್ರಜ್ಞ ಜೆರೆಮಿ ಬೆಂಥಮ್ ಒಂದು ಸರಳ ಅಳತೆ ಕೊಟ್ಟರು. ಜನರ ಸುಖ ಹೆಚ್ಚಬೇಕು, ನೋವು ತಗ್ಗಬೇಕು. ಯಾವುದೇ ಕಾನೂನು, ಯಾವುದೇ ಕೆಲಸ ಸರಿಯೋ ತಪ್ಪೋ ಎಂದು ಇದರಿಂದಲೇ ತೂಗಿ ಎಂದರು. ಅವರ ತಕ್ಕಡಿಯಲ್ಲಿ ಒಡೆಯನ ಸುಖಕ್ಕೂ ಕೂಲಿಯವನ ಸುಖಕ್ಕೂ ಒಂದೇ ತೂಕ. ಆ ಕಾಲಕ್ಕೆ ಅದು ಬಹಳ ಧೈರ್ಯದ ಮಾತು. ಆದರೆ ನಿಮ್ಮ ಮನೆಯ ಜಗಳವನ್ನು ಬೆಂಥಮರ ಮುಂದೆ ಇಟ್ಟರೆ ತಮ್ಮನೇ ಗೆಲ್ಲುತ್ತಾರೆ. ಅಮ್ಮ ಸುಖವಾಗಿದ್ದರು. ಮನೆಯವರೆಲ್ಲ ಸುಖವಾಗಿದ್ದರು. ಇನ್ನೇನು ಕೇಳುವುದು?

ಇದಕ್ಕೆ ನಾನು ಕಂಡ ಗಟ್ಟಿ ಉತ್ತರ ಸಿಂಗೂರಿನಿಂದ ಬಂದದ್ದು. ಕಲ್ಕತ್ತಾದ ಹತ್ತಿರದ ಊರು. 1943ರ ಬಂಗಾಳದ ಬರಗಾಲ ಲಕ್ಷಗಟ್ಟಲೆ ಜನರನ್ನು ತಿಂದುಹಾಕಿತ್ತು. ಮರುವರ್ಷ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆಯವರು ಅಲ್ಲಿ ಮನೆಮನೆಗೆ ಹೋಗಿ ಆರೋಗ್ಯ ವಿಚಾರಿಸಿದರು. ಹೆಂಡತಿ ಸತ್ತ ಗಂಡಸರಲ್ಲಿ 100ಕ್ಕೆ 48.5 ಮಂದಿ ತಮಗೆ ಕಾಯಿಲೆ ಇದೆ, ಇಲ್ಲವೇ ಆರೋಗ್ಯ ಅಷ್ಟಕ್ಕಷ್ಟೆ ಎಂದರು. ಗಂಡ ಸತ್ತ ಹೆಂಗಸರಲ್ಲಿ ಹಾಗೆ ಹೇಳಿದವರು 100ಕ್ಕೆ 2.5 ಮಾತ್ರ. ಬಂಗಾಳದ ಹಳ್ಳಿಯಲ್ಲಿ, ಬರಗಾಲದ ಮಾರನೇ ವರ್ಷ, ವಿಧವೆಯರು ಇಷ್ಟು ಗಟ್ಟಿಮುಟ್ಟಾಗಿದ್ದರು ಎಂದು ನಂಬಲು ಸಾಧ್ಯವೇ?

ಅದರೊಳಗೇ ಇನ್ನೊಂದು ಅಂಕಿ ಇದೆ. ಅದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. "ಅಷ್ಟಕ್ಕಷ್ಟೆ" ಎಂಬ ಉತ್ತರವನ್ನಷ್ಟೇ ಬೇರೆ ಎಣಿಸಿ ನೋಡಿದರೆ, ಗಂಡಸರಲ್ಲಿ 100ಕ್ಕೆ 45.6 ಮಂದಿ ಹಾಗೆಂದರು. ಹೆಂಗಸರಲ್ಲಿ ಒಬ್ಬರೂ ಇಲ್ಲ. ಜ್ವರವೋ ಭೇದಿಯೋ ಬಂದರೆ ಕಾಯಿಲೆ ಎಂದು ಯಾರಾದರೂ ಹೇಳಿಯಾರು. "ಯಾಕೋ ಮೈ ಸರಿಯಿಲ್ಲ" ಎನ್ನಬೇಕಾದರೆ ಮೊದಲು ತನ್ನ ಮೈಯನ್ನು ತಾನೇ ಲೆಕ್ಕಕ್ಕೆ ತೆಗೆದುಕೊಂಡಿರಬೇಕು. ಆ ಹೆಂಗಸರಿಗೆ ಆ ಅಭ್ಯಾಸವೇ ಇರಲಿಲ್ಲ. ಯಾರೂ ಕಲಿಸಿರಲಿಲ್ಲ.

ಈ ಅಂಕಿಗಳನ್ನು ಮತ್ತೆ ಮತ್ತೆ ಜಗತ್ತಿನ ಮುಂದೆ ಇಟ್ಟವರು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್. ಬರಗಾಲವನ್ನು ಅವರು ಹುಡುಗನಾಗಿ ಕಣ್ಣಾರೆ ಕಂಡಿದ್ದರು. ಕಷ್ಟಕ್ಕೆ ಒಗ್ಗಿಕೊಂಡವರು ಸಣ್ಣಸಣ್ಣದರಲ್ಲೇ ಖುಷಿ ಹುಡುಕಿಕೊಳ್ಳುತ್ತಾರೆ, ಇಲ್ಲದಿದ್ದರೆ ಬದುಕಲು ಆಗುವುದಿಲ್ಲ ಎಂಬುದು ಅವರ ಮಾತಿನ ಸಾರ. ಆ ಖುಷಿ ಸುಳ್ಳಲ್ಲ. ಆದರೆ ಅದನ್ನೇ ಅಳತೆಗೋಲು ಮಾಡಿದರೆ, ಯಾರು ಹೆಚ್ಚು ಸಹಿಸಿಕೊಂಡರೋ ಅವರಿಗೇ ಕಡಿಮೆ ಸಾಕು ಎಂದಾಗುತ್ತದೆ. ಅಮೆರಿಕದ ತತ್ವಶಾಸ್ತ್ರಜ್ಞೆ ಮಾರ್ಥಾ ನಸ್ಬಾಮ್ ನಮ್ಮ ರಾಯಚೂರಿನಿಂದ ಅಷ್ಟೇನೂ ದೂರವಿಲ್ಲದ ಮಹಬೂಬ್‌ನಗರದ ಕಡೆ ಹಳ್ಳಿ ಹೆಂಗಸರನ್ನು ಮಾತಾಡಿಸಿದ್ದರು. ಊಟ ಸಾಲದೆ ಸೊರಗಿದ್ದವರು. ನೆಚ್ಚಿಕೊಳ್ಳುವಂಥ ಒಳ್ಳೆ ನೀರೂ ಇರಲಿಲ್ಲ. ಸರ್ಕಾರದ ಒಂದು ಕಾರ್ಯಕ್ರಮ ಬಂದು ತಿಳಿಹೇಳುವ ತನಕ ಅವರಿಗೆ ಅದರ ಬಗ್ಗೆ ಸಿಟ್ಟೇ ಇದ್ದಂತೆ ಕಾಣಲಿಲ್ಲ ಎಂದು ಅವರು ಬರೆದಿದ್ದಾರೆ.

ಹಾಗಾದರೆ ಸುಖ ಬಿಟ್ಟು ಏನನ್ನು ಅಳೆಯಬೇಕು? ಸೇನ್ 1979ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಒಂದು ಉಪನ್ಯಾಸ ಕೊಟ್ಟರು. ಅದರ ಹೆಸರೇ ಒಂದು ಪ್ರಶ್ನೆ: "ಯಾವುದರ ಸಮಾನತೆ?" ಮನುಷ್ಯರ ಕೈಲಿ ಏನೇನು ಮಾಡಲು ಆಗುತ್ತದೆ, ಏನೇನು ಆಗಿ ಬಾಳಲು ದಾರಿ ಇದೆ, ಅದನ್ನು ನೋಡಿ ಎಂದರು. ಇದಕ್ಕೆ ಅವರು ಕೊಡುವ ಒಂದು ಉದಾಹರಣೆ ನಿಮ್ಮ ಅಮ್ಮನಿಗೆ ಅಂತಲೇ ಹೇಳಿದಂತಿದೆ. ಒಬ್ಬರು ಉಪವಾಸ ವ್ರತ ಮಾಡುತ್ತಾರೆ. ಇನ್ನೊಬ್ಬರು ಅನ್ನವಿಲ್ಲದೆ ಹಸಿದಿದ್ದಾರೆ. ಇಬ್ಬರ ಹೊಟ್ಟೆಯೂ ಖಾಲಿ. ಮೊದಲಿನವರು ಬೇಕೆಂದರೆ ಉಣ್ಣಬಹುದಿತ್ತು.

ಅಮ್ಮ ಏಕಾದಶಿ ತಪ್ಪಿಸುತ್ತಿರಲಿಲ್ಲ ಎಂದು ಬರೆದಿದ್ದೀರಲ್ಲ. ಅದು ಅವರ ಆಯ್ಕೆ. ಅದಕ್ಕೆ ನಾವು ಕೈಮುಗಿಯೋಣ. ಮಿಕ್ಕ ದಿನಗಳ ರಾತ್ರಿ ಸಾರು ಮುಗಿದು, ಮಜ್ಜಿಗೆ ನೀರಾಗಿ, ಅದನ್ನೇ ಕಲಸಿಕೊಂಡರಲ್ಲ, ಅಲ್ಲಿ ಬೇರೆ ದಾರಿ ಇತ್ತೇ? "ಇವತ್ತು ನಾನು ಮೊದಲು ಉಣ್ಣುತ್ತೇನೆ" ಎಂದು ಅವರು ಹೇಳಬಹುದಿತ್ತೇ? ಹೇಳಿದ್ದರೆ ಮನೆಯವರ ಮುಖ ಹೇಗಾಗುತ್ತಿತ್ತು? ತಮ್ಮನಿಗೆ ಕೇಳಬೇಕಾದದ್ದು ಇದನ್ನು. ಅಮ್ಮನ ಮನಸ್ಸಿನೊಳಗೆ ಏನಿತ್ತು ಎಂದು ಯಾರೂ ಊಹಿಸುವುದು ಬೇಡ. ಮನೆಯ ರೀತಿ ಹೇಗಿತ್ತು ಎಂಬುದು ನಿಮ್ಮಿಬ್ಬರಿಗೂ ಗೊತ್ತು.

ಸಮಾನತೆಯ ಮಾತು ಬಂದರೆ ಎಲ್ಲರೂ ಹೇಳುವ ಹೆಸರು ಅಮೆರಿಕದ ತತ್ವಶಾಸ್ತ್ರಜ್ಞ ಜಾನ್ ರಾಲ್ಸ್. 1971ರ ಅವರ ಪುಸ್ತಕದಲ್ಲಿ ಒಂದು ಸೊಗಸಾದ ಕಲ್ಪನೆ ಇದೆ. ನೀವು ಬಡವರೋ ಸಿರಿವಂತರೋ, ಚುರುಕೋ ಮಂದವೋ, ಏನೂ ಗೊತ್ತಿಲ್ಲದ ಪರದೆಯ ಹಿಂದೆ ಕೂತು ಸಮಾಜದ ನಿಯಮ ಬರೆಯಿರಿ, ಆಗ ಅದು ನ್ಯಾಯವಾಗಿರುತ್ತದೆ ಎಂದರು. ನನಗೆ ಇದು ಬಹಳ ಇಷ್ಟ. ಆದರೆ ಪರದೆಯ ಹಿಂದೆ ಅವರು ಕೂರಿಸಿದ್ದು ಮನೆಯ ಯಜಮಾನರನ್ನು. ಅಡುಗೆಮನೆಯೊಳಗೆ ಯಾರಿಗೆ ಏನು ಸಿಕ್ಕಿತು ಎಂದು ಕೇಳುವವರೇ ಇಲ್ಲವಾಯಿತು. 1989ರಲ್ಲಿ ಸ್ತ್ರೀವಾದಿ ಚಿಂತಕಿ ಸೂಸನ್ ಮೋಲರ್ ಓಕಿನ್ ಇದನ್ನು ನೇರವಾಗಿ ಎತ್ತಿ ಹೇಳಿದರು. ಮಕ್ಕಳು ನ್ಯಾಯ ಎಂಬುದನ್ನು ಮೊದಲು ಕಲಿಯುವುದೇ ಮನೆಯಲ್ಲಿ, ಅಲ್ಲೇ ಅದು ಇಲ್ಲದಿದ್ದರೆ ಹೇಗೆ ಎಂದು ಕೇಳಿದರು. ಈ ಮನೆಗೆ ಮಗನಾಗಿ ಬರುತ್ತೀರೋ ಸೊಸೆಯಾಗಿ ಬರುತ್ತೀರೋ ತಿಳಿಯದೆ ಊಟದ ಸರದಿ ಬರೆಯಬೇಕು ಎಂದುಕೊಳ್ಳಿ. ಕೊನೆಯ ಸರದಿ ಯಾವಾಗಲೂ ಸೊಸೆಗೇ ಎಂದು ಬರೆಯುವ ಧೈರ್ಯ ಯಾರಿಗಿದೆ?

ಇದೆಲ್ಲ ಹಳೇ ಕಾಲದ್ದು, ಈಗ ಹಾಗೇನಿಲ್ಲ ಎನ್ನುವವರಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 100ಕ್ಕೆ 57 ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಗಂಡಸರಲ್ಲಿ 25. ಮುಟ್ಟು, ಬಸಿರು, ಹೆರಿಗೆ ಎಲ್ಲವೂ ಇದರೊಳಗೆ ಇವೆ, ಎಲ್ಲಕ್ಕೂ ಊಟದ ಸರದಿಯೇ ಕಾರಣ ಎನ್ನಲಾರೆ. ಆದರೆ ಮೈ ಹೆಚ್ಚು ಕೇಳುವವರಿಗೆ ತಟ್ಟೆಯಲ್ಲಿ ಜಾಸ್ತಿ ಬೀಳಬೇಕಿತ್ತು ಅಲ್ವಾ?

ತಮ್ಮನ ಮಾತಿನಲ್ಲೂ ಒಂದು ಸತ್ಯ ಇದೆ ಅಕ್ಕೋರೇ, ಅದನ್ನು ಬಿಟ್ಟುಕೊಡಬೇಡಿ. ಅಮ್ಮನಿಗೆ ಏನೂ ತಿಳಿಯುತ್ತಿರಲಿಲ್ಲ, ಪಾಪ ಮೋಸಹೋದಳು ಎಂದು ನಾವು ಹೇಳಿದರೆ ಅದು ಎರಡನೇ ಅನ್ಯಾಯ. ನಿಮ್ಮ ತಟ್ಟೆಗೆ ತುಪ್ಪ ಬಡಿಸುವಾಗ ಅವರಿಗಾದ ಸಂತೋಷ ನಿಜವಾದದ್ದು. ಒಳ್ಳೆಯ ಬಾಳು ಎಂದರೆ ಏನು ಎಂದು ಹೊರಗಿನವರು ಪಟ್ಟಿ ಮಾಡಿ ಕೊಡಬಹುದೇ ಎಂಬ ಬಗ್ಗೆ ಸೇನ್ ಮತ್ತು ನಸ್ಬಾಮ್ ನಡುವೆಯೇ ಒಮ್ಮತ ಇಲ್ಲ. ನಸ್ಬಾಮ್ ಹತ್ತು ಅಂಶಗಳ ಪಟ್ಟಿ ಮಾಡಿದರು. ಅದನ್ನು ಆಯಾ ಜನರೇ ಕೂತು ಮಾತಾಡಿ ತೀರ್ಮಾನಿಸಲಿ ಎಂದು ಸೇನ್ ಪಟ್ಟಿ ಮಾಡಲು ಒಪ್ಪಲಿಲ್ಲ. ನನ್ನ ಮನಸ್ಸು ಸೇನ್ ಕಡೆಗೇ ವಾಲುತ್ತದೆ. ಅಮ್ಮನ ಪ್ರೀತಿಯನ್ನು ಯಾರೂ ತೂಗುವುದು ಬೇಡ. ಆ ಪ್ರೀತಿಯನ್ನು ನೆಚ್ಚಿಕೊಂಡು ಮನೆ ಅವರನ್ನು ಕೊನೆಯ ಸರದಿಯಲ್ಲೇ ಇಟ್ಟಿತಲ್ಲ, ತೂಗಬೇಕಾದದ್ದು ಆ ಮನೆಯನ್ನು.

ನಿಮ್ಮ ಪತ್ರದ ಕೊನೆಯಲ್ಲಿ, ಸಹಿಗಿಂತ ಮುಂಚೆ, ಒಂದು ಸಂಗತಿ ಬರೆದಿದ್ದೀರಿ. ನಿಮಗೆ ಕೆಲಸ ಸಿಕ್ಕಿದ ಹೊಸತರಲ್ಲಿ ಅಮ್ಮ ನಿಮ್ಮ ಬಾಡಿಗೆ ಮನೆಗೆ ಬಂದು ನಾಲ್ಕು ದಿನ ಇದ್ದರು. ನೀವು ಅವರನ್ನು ಮಣೆಯ ಮೇಲೆ ಕೂರಿಸಿ ದೋಸೆ ಎರೆದು ಎರೆದು ಹಾಕಿದಿರಿ. ತಣ್ಣನೆಯ ದೋಸೆಯೇ ನನಗೆ ರುಚಿ ಎಂದು ಜೀವಮಾನವಿಡೀ ಹೇಳಿದವರು ಅವತ್ತು ಆರು ದೋಸೆ ತಿಂದರು. "ಕಾವಲಿಯಿಂದ ತೆಗೆದದ್ದು ಇಷ್ಟು ಗರಿಗರಿ ಇರುತ್ತದೆ ಅಂತ ಮರೆತೇ ಹೋಗಿತ್ತು ಮಗಾ" ಎಂದರು.

ಇದನ್ನು ತಮ್ಮನಿಗೆ ಹೇಳಿದ್ದೀರಾ? ಹೇಳಿದ ಹಾಗೆ ಪತ್ರದಲ್ಲಿ ಕಾಣಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಹೇಳಿ. ಬೆಳಗ್ಗೆ ತಿಂಡಿಯ ಹೊತ್ತಿಗೆ, ತಮ್ಮನ ಹೆಂಡತಿಯೂ ಕೂತಿರುವಾಗ ಹೇಳಿ. ಅವತ್ತು ಕಾವಲಿ ನಿಮ್ಮ ತಮ್ಮನ ಕೈಲಿರಲಿ.

ನಿಮ್ಮ,
ಸಂಪಾದಕ